ನಾಲ್ಕಕ್ಕೇ ಶುರುವಾಗುವ ರಾತ್ರಿ: ಸೇಂಟ್ ಆಂಟನ್‌ನಲ್ಲಿ ಜೊತೆಗಾರರನ್ನು ಕಂಡುಕೊಳ್ಳುವುದು ಹೇಗೆ?

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸೇಂಟ್ ಆಂಟನ್‌ಗೆ ಮೊದಲ ಸಲ ಒಬ್ಬನೇ ಹೋದಾಗ ಎರಡು ಸಂಜೆಗಳನ್ನು ಕಳೆದುಕೊಂಡೆ. ಸ್ಕೀಯಿಂಗ್ ಮುಗಿಸಿ, ಸ್ನಾನ ಮಾಡಿ, ಒಳ್ಳೆಯ ಬಟ್ಟೆ ತೊಟ್ಟು ರಾತ್ರಿ ಒಂಬತ್ತಕ್ಕೆ ಬೀದಿಗಿಳಿದರೆ, ಎಲ್ಲರೂ ಆಗಲೇ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಊಟಕ್ಕೆ ಕುಳಿತಿದ್ದರು. ಇಲ್ಲಿ ಸ್ನೇಹ ಬೆಳೆಯುವುದು ಬಿಸಿಲಿರುವಾಗಲೇ, ಹಿಮ ಅಂಟಿದ ಬೂಟಿನಲ್ಲೇ.

ಮೊದಲು ವಾರವನ್ನು ಅರ್ಥಮಾಡಿಕೊಳ್ಳಿ. ಹೆಚ್ಚಿನ ಪ್ರವಾಸಿಗರು ಶನಿವಾರ ಬಂದು ಮರು ಶನಿವಾರ ಹೊರಡುತ್ತಾರೆ. ಭಾನುವಾರ, ಸೋಮವಾರ ಎಲ್ಲರೂ ಹೊಸಬರೇ, ಮಾತಿಗೆ ಸಿಗುತ್ತಾರೆ. ಗುರುವಾರ ತಲುಪಿದರೆ ಗುಂಪುಗಳು ಗಟ್ಟಿಯಾಗಿರುತ್ತವೆ. ಜ್ಯೂರಿಕ್‌ ಅಥವಾ ಇನ್ಸ್‌ಬ್ರುಕ್‌ನಿಂದ ಹೊರಟ ರೈಲು ನೇರವಾಗಿ ಊರೊಳಗೇ ಇಳಿಸುತ್ತದೆ.

ಎರಡನೆಯದಾಗಿ, ಸ್ಕೀ ಶಾಲೆಯ ಗುಂಪು ತರಗತಿಗೆ ಸೇರಿ. ಖಾಸಗಿ ಪಾಠ ಬೇಡ. ಆಧುನಿಕ ಸ್ಕೀ ಪಾಠಕ್ಕೆ ರೂಪ ಕೊಟ್ಟ ಹಾನ್ನೆಸ್ ಷ್ನೈಡರ್ 1921ರಲ್ಲಿ ತಮ್ಮ ಶಾಲೆ ತೆರೆದದ್ದು ಇದೇ ಊರಿನಲ್ಲಿ. ಒಂದೇ ಇಳಿಜಾರಿನಲ್ಲಿ ನಾಲ್ಕು ಸಲ ಜೊತೆಯಾಗಿ ಬಿದ್ದೆದ್ದವರಿಗೆ ಸಂಜೆ ಪರಿಚಯ ಹೇಳಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಚೇರ್‌ಲಿಫ್ಟಿನಲ್ಲೂ ಪಕ್ಕದವರೊಂದಿಗೆ ಕೆಲವು ನಿಮಿಷ ಸಿಗುತ್ತವೆ. 'ಇಂದು ಯಾವ ಕಡೆ ಹಿಮ ಚೆನ್ನಾಗಿದೆ?' ಎಂದು ಕೇಳಿ. ಆ ಪ್ರಶ್ನೆಗೆ ಉತ್ತರಿಸದ ಸ್ಕೀಗಾರನನ್ನು ನಾನಿನ್ನೂ ಕಂಡಿಲ್ಲ.

ಮೂರೂವರೆ, ನಾಲ್ಕರ ಹೊತ್ತಿಗೆ ಊರಿನ ಮೇಲ್ಭಾಗದ ಇಳಿಜಾರಿನಲ್ಲಿರುವ ಮೂಸರ್‌ವಿರ್ಟ್‌ ಅಥವಾ ಕ್ರೇಜಿ ಕಾಂಗರೂ ಬಾರ್‌ಗೆ ಬನ್ನಿ. ಸ್ಕೀಯಿಂಗ್ ಮುಗಿದ ಮೇಲಿನ ಈ ಮೋಜುಕೂಟವೇ ಆಪ್ರೆ-ಸ್ಕೀ. ಹೊರಗೆ ಸ್ಕೀ ನಿಲ್ಲಿಸುವಾಗ ಜೋಡಿಯನ್ನು ಬೇರೆ ಮಾಡಿ, ಒಂದೊಂದನ್ನು ಒಂದೊಂದು ಕಡೆ ಇಡಿ. ಆಗ ಯಾರೂ ತಪ್ಪಿ ಒಯ್ಯುವುದಿಲ್ಲ. ಖಾಲಿ ಮೇಜು ಹುಡುಕಬೇಡಿ. ಉದ್ದನೆಯ ಬೆಂಚಿನಲ್ಲಿ ಅರ್ಧ ತುಂಬಿದ ಕಡೆ ಹೋಗಿ 'ಇಸ್ಟ್ ಹಿಯರ್ ನೋಖ್ ಫ್ರೈ?' ಎನ್ನಿ, ಇಲ್ಲಿ ಜಾಗ ಇದೆಯೇ ಎಂದು ಅರ್ಥ. ಜರ್ಮನ್ ಭಾಷೆಯಲ್ಲೂ ನಮ್ಮಂತೆ ನೀನು–ನೀವು ಭೇದವಿದೆ. ಆದರೆ ಸಾವಿರ ಮೀಟರ್ ದಾಟಿದ ಮೇಲೆ ಎಲ್ಲರೂ 'ನೀನು' ಎನ್ನುವುದು ಆಲ್ಪ್ಸ್ ಜನರ ರೂಢಿ. ಸೇಂಟ್ ಆಂಟನ್ ಇರುವುದೇ 1,304 ಮೀಟರ್ ಎತ್ತರದಲ್ಲಿ. ಈ ರೂಢಿ ನನಗೆ ಬಹಳ ಇಷ್ಟ.

ಲೋಟ ಎತ್ತಿ 'ಪ್ರೋಸ್ಟ್' ಎನ್ನುವಾಗ ಪ್ರತಿಯೊಬ್ಬರ ಕಣ್ಣನ್ನೂ ನೋಡಿ, ಇಲ್ಲದಿದ್ದರೆ ಒರಟುತನವೆನಿಸುತ್ತದೆ. ಕುಡಿಯದವರು ಗಿಡಮೂಲಿಕೆಯ ಸೋಡಾ ಆಲ್ಮ್‌ಡುಡ್ಲರ್ ಕೇಳಬಹುದು. ಯಾರೂ ಹುಬ್ಬೇರಿಸುವುದಿಲ್ಲ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಕೈಸರ್‌ಶ್ಮಾರ್ನ್ ತರಿಸಿ ಮೇಜಿನ ನಡುವೆ ಇಡಲಿ: ಹರಿದು ಸಕ್ಕರೆ ಉದುರಿಸಿದ ದಪ್ಪ ಪ್ಯಾನ್‌ಕೇಕ್, ಜೊತೆಗೆ ಬೇಯಿಸಿದ ಪ್ಲಮ್ ಹಣ್ಣು. ಹಂಚಿಕೊಂಡು ತಿನ್ನುವುದಕ್ಕೆಂದೇ ಹುಟ್ಟಿದ ತಿನಿಸು ಅದು.

ಬಾರ್‌ನಿಂದ ಊರಿಗೆ ಇಳಿಯುವ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ. ಕತ್ತಲಾದ ಮೇಲೆ ಹಿಮ ಸಮತಟ್ಟು ಮಾಡುವ ಯಂತ್ರಗಳು ಓಡಾಡುತ್ತವೆ, ಅವುಗಳ ಉಕ್ಕಿನ ಹಗ್ಗ ಇಳಿಜಾರಿಗೆ ಅಡ್ಡವಾಗಿ ಬಿಗಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕುಡಿದಿದ್ದರೆ ಟ್ಯಾಕ್ಸಿ ಕರೆಸಿ. ಪರ್ವತ ರಕ್ಷಣಾ ತಂಡದ ಸಂಖ್ಯೆ 140 ಮೊಬೈಲಿನಲ್ಲಿರಲಿ.

ಗದ್ದಲ ಒಗ್ಗದವರಿಗೆ ವಾರದ ಕೆಲವು ರಾತ್ರಿ ಬೆಟ್ಟದ ಮೇಲಿನ ಗಾಂಪೆನ್‌ನಿಂದ ಊರಿನ ನಾಸ್ಸೆರೈನ್ ಭಾಗಕ್ಕೆ ದೀಪದ ಬೆಳಕಿನಲ್ಲಿ ಜಾರುಬಂಡಿ ಓಟವಿದೆ, ಸುಮಾರು 4 ಕಿ.ಮೀ. ನನ್ನ ಲೆಕ್ಕದಲ್ಲಿ ಪರಿಚಯಕ್ಕೆ ಬಾರ್‌ಗಿಂತ ಇದೇ ಮೇಲು: ಅಲ್ಲಿ ಕಿರುಚಾಟವಿದೆ, ನಗುವಿದೆ, ಮಾತೂ ಕೇಳಿಸುತ್ತದೆ.

ಸಂಜೆ ಮೇಜಿನಿಂದ ಏಳುವ ಮುನ್ನ ಫೋನ್ ನಂಬರು ಪಡೆದರಷ್ಟೇ ಸಾಲದು. ಮರುದಿನದ ಜಾಗ, ಹೊತ್ತು ಎರಡನ್ನೂ ಅಲ್ಲೇ ಗೊತ್ತುಮಾಡಿ: ಗಾಲ್ಟ್ಸಿಗ್ ಕೇಬಲ್ ಕಾರಿನ ಗಾಜಿನ ನಿಲ್ದಾಣದ ಮುಂದೆ, ಬೆಳಿಗ್ಗೆ ಒಂಬತ್ತಕ್ಕೆ.