2 ಮತ್ತು 4ನೇ ಸ್ಥಾನದಲ್ಲಿ ಸೊರಗಿದ ಸದ್ದು: ನನ್ನ ಅನುಭವ

ಸ್ಟ್ರಾಟ್ ಮಾದರಿಯ ನನ್ನ ಎಲೆಕ್ಟ್ರಿಕ್ ಗಿಟಾರ್‌ಗೆ ನಡುವಿನ ಪಿಕಪ್ (ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಬದಲಿಸಿದೆ. ಒಂಟಿಯಾಗಿ ನುಡಿಸಿದರೆ ಮೂರೂ ಪಿಕಪ್ ಚೆನ್ನಾಗಿದ್ದವು. ಪಿಕಪ್ ಆರಿಸುವ ಸ್ವಿಚ್ಚನ್ನು 2 ಅಥವಾ 4ಕ್ಕೆ, ಅಂದರೆ ನಡುವಿನ ಪಿಕಪ್ ಪಕ್ಕದ ಇನ್ನೊಂದರ ಜೊತೆ ನುಡಿಯುವ ಸ್ಥಾನಕ್ಕೆ, ತಂದರೆ ಮಾತ್ರ ಮಂದ್ರವೆಲ್ಲ ಮಾಯ, ಹಳೇ ಟ್ರಾನ್ಸಿಸ್ಟರ್ ರೇಡಿಯೋದಂಥ ಸದ್ದು, ಜೊತೆಗೆ ಗುಂಯ್ ಎನ್ನುವ ಹಮ್.

ಮೊದಲು ಸ್ವಿಚ್ಚನ್ನೇ ಅನುಮಾನಿಸಿ ಎರಡು ಸಂಜೆ ಕಳೆದೆ. ಕೊನೆಗೆ ದಾರಿ ತೋರಿದ್ದು ಮಲ್ಟಿಮೀಟರ್. ಗಿಟಾರ್‌ಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಗೆ ಮೀಟರ್ ಹಿಡಿದು, 20ಕೆ ಓಮ್‌ಗೆ ಇಟ್ಟು, ವಾಲ್ಯೂಮ್ ಪೂರ್ತಿ ತೆರೆದೆ. ಉಕ್ಕಿನ ಸ್ಕ್ರೂಡ್ರೈವರನ್ನು ನೆಕ್ (ಗಿಟಾರಿನ ಕತ್ತಿನ ಬದಿಯ) ಪಿಕಪ್ಪಿನ ಮೇಲೆ ಮುಟ್ಟಿಸಿ ಥಟ್ಟನೆ ಎಳೆದಾಗ ಅಂಕಿ ಮೇಲಕ್ಕೆ ಹಾರಿತು. ಇನ್ನೊಂದು ತುದಿಯ ಬ್ರಿಡ್ಜ್ ಪಿಕಪ್ಪಿನದೂ ಹಾಗೇ. ನಡುವಿನದು ಮಾತ್ರ ಕೆಳಕ್ಕೆ ಕುಸಿಯಿತು! ಅದು ಎದುರು ಫೇಸ್, ಅಂದರೆ ಉಳಿದೆರಡಕ್ಕೆ ಉಲ್ಟಾ ಸಂಕೇತ ಕೊಡುತ್ತಿದೆ ಎಂದು ಖಾತ್ರಿಯಾಯಿತು. ಎರಡು ಸುರುಳಿಗಳ ಅಲೆಗಳು ಪರಸ್ಪರ ಕಳೆದುಕೊಳ್ಳುತ್ತಿದ್ದವು. ಪಿಕಪ್ಪಿನಿಂದ ಬರುವ ವಿದ್ಯುತ್ ತಂತಿಗಳ ಬಣ್ಣದ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಪಿಕ್‌ಗಾರ್ಡ್ (ಪಿಕಪ್‌ಗಳನ್ನು ಕೂರಿಸಿದ ಮುಂಭಾಗದ ತಟ್ಟೆ) ಬಿಚ್ಚಿ, ಆ ಪಿಕಪ್ಪಿನ ಎರಡೂ ತಂತಿ ಅದಲುಬದಲು ಮಾಡಿದೆ: ಸ್ವಿಚ್‌ಗೆ ಹೋಗಿದ್ದು ಪಾಟ್‌ನ (ವಾಲ್ಯೂಮ್ ಗುಂಡಿಯ ಕೆಳಗಿನ ಲೋಹದ ಬಿಡಿಭಾಗ) ಬೆನ್ನಿಗೆ, ಅಲ್ಲಿದ್ದದ್ದು ಸ್ವಿಚ್‌ಗೆ. ಪಾಟ್ ಬಿಸಿಯನ್ನು ನುಂಗುತ್ತದೆ, 40 ವ್ಯಾಟ್ ಬೆಸುಗೆ ಐರನ್ ಬೇಕೇ ಬೇಕು. ಬೆಸುಗೆ ಹೊಳೆಯುತ್ತಾ ಹರಡಬೇಕು, ಗುಂಡಗೆ ಕೂರಬಾರದು.

ಹೊಸ ಪಿಕಪ್ಪಿನ ಸುರುಳಿ ಸುತ್ತಿದ ದಿಕ್ಕೂ ಅಯಸ್ಕಾಂತದ ಧ್ರುವವೂ ಉಳಿದೆರಡಕ್ಕೆ ತದ್ವಿರುದ್ಧವಾಗಿದ್ದುದರಿಂದ, ತಂತಿ ಸರಿಯಾದೊಡನೆ 2 ಮತ್ತು 4ರಲ್ಲಿ ಹಮ್ ಕೂಡ ಅಡಗಿತು. ಈಗ ಆ 4ನೇ ಸ್ಥಾನ ಬಿಟ್ಟು ಕದಲಲು ಮನಸ್ಸೇ ಬರುತ್ತಿಲ್ಲ.