ಬಿಮ್ ಶುರು ಮಾಡುವುದು ಹೇಗೆ? ಮೊದಲು ಗೋಡೆ ಸರಿ ಮಾಡಿಕೊಳ್ಳಿ

ಹಾಸನದ ಒಂದು ಸೈಟ್‌ನಲ್ಲಿ "ಇನ್ನು ಮೇಲೆ ಎಲ್ಲಾ ಬಿಮ್‌ನಲ್ಲೇ" ಎಂದಿದ್ದಕ್ಕೆ ಮೇಸ್ತ್ರಿ ನಕ್ಕು, "ಬೀಮ್ ಹಾಕೋದು ನಮಗೇನು ಹೊಸದಾ ಸಾರ್?" ಎಂದರು. ಅವರದೇನೂ ತಪ್ಪಿಲ್ಲ. ಬಿಮ್ ಅಂದರೆ ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್. ಗೆರೆ ಎಳೆಯುವ ಬದಲು ಗೋಡೆಯನ್ನೇ ಕಂಪ್ಯೂಟರ್‌ನಲ್ಲಿ ಕಟ್ಟುವುದು. ಆ ಗೋಡೆಗೆ ತನ್ನ ದಪ್ಪ ಎಷ್ಟು, ಬ್ಲಾಕ್ ಯಾವುದು, ಎತ್ತರ ಎಷ್ಟು ಎಂದು ಗೊತ್ತಿರುತ್ತದೆ. ಪ್ಲಾನ್, ಸೆಕ್ಷನ್, ಎಲಿವೇಷನ್, ಬಾಗಿಲು ಕಿಟಕಿಗಳ ಪಟ್ಟಿ ಎಲ್ಲವೂ ಅದೊಂದರಿಂದಲೇ ಬರುತ್ತವೆ. ಒಂದು ಕಿಟಕಿ ಸರಿಸಿದರೆ ಎಲ್ಲಾ ಕಡೆ ಸರಿಯುತ್ತದೆ.

ಹೇಳುವುದು ಸುಲಭ, ಅಲ್ವಾ? ಹಾಸನ, ಚಿಕ್ಕಮಗಳೂರಿನ ಸಣ್ಣ ಆಫೀಸುಗಳಲ್ಲಿ ನಾನು ನೋಡಿದ್ದು ಬೇರೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುತ್ತಾರೆ, ಹುಡುಗರಿಗೆ ಎರಡು ವಾರ ಟ್ರೈನಿಂಗ್ ಕೊಡಿಸುತ್ತಾರೆ, ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಮಾಡೆಲ್ ಇರುವುದು ಮಾಲೀಕರಿಗೆ ತ್ರೀಡಿ ತೋರಿಸಲಿಕ್ಕೆ ಮಾತ್ರ, ಸೈಟ್‌ಗೆ ಹೋಗುವ ಡ್ರಾಯಿಂಗ್ ಮತ್ತೆ ಗೆರೆ ಎಳೆಯುವ ಹಳೇ ಆಟೋಕ್ಯಾಡ್‌ನಲ್ಲಿ. ಎರಡು ಕಡೆ ಎರಡು ಮನೆ. ಯಾಕೆ ಅಂತ ಕೇಳಿದರೆ "ಮಾಡೆಲ್‌ನಿಂದ ಶೀಟ್ (ಪ್ರಿಂಟ್ ತೆಗೆಯುವ ಡ್ರಾಯಿಂಗ್ ಹಾಳೆ) ಸರಿಯಾಗಿ ಬರಲ್ಲ ಸಾರ್" ಎನ್ನುತ್ತಾರೆ. ಬರುವುದಿಲ್ಲ, ನಿಜ. ನಮ್ಮೂರಿನ ಕೆಲಸಕ್ಕೆ ಹೊಂದುವ ಟೆಂಪ್ಲೇಟನ್ನು, ಅಂದರೆ ಪ್ರತಿ ಹೊಸ ಕೆಲಸ ಶುರು ಮಾಡುವ ಸಿದ್ಧ ಫೈಲನ್ನು, ಯಾರೂ ಮಾಡಿಕೊಂಡೇ ಇರುವುದಿಲ್ಲವಲ್ಲ.

ಸಾಫ್ಟ್‌ವೇರ್

ಬಿಮ್‌ಗೆ ರೆವಿಟ್ ಅಥವಾ ಆರ್ಕಿಕ್ಯಾಡ್, ಯಾವುದಾದರೂ ಸರಿ. ಮ್ಯಾಕ್ ಇದ್ದವರಿಗೆ ಆರ್ಕಿಕ್ಯಾಡ್, ರೆವಿಟ್ ವಿಂಡೋಸ್‌ನಲ್ಲಿ ಮಾತ್ರ. ಒಬ್ಬರೇ ಕೆಲಸ ಮಾಡುವ ಆಫೀಸಿಗೆ ರೆವಿಟ್‌ನ ಚಿಕ್ಕ ಆವೃತ್ತಿ ರೆವಿಟ್ ಎಲ್‌ಟಿ ಸಾಕು, ಆದರೆ ಅದರಲ್ಲಿ ಇಬ್ಬರು ಒಂದೇ ಫೈಲ್‌ನಲ್ಲಿ ಒಟ್ಟಿಗೆ ಕೂರಲು ಆಗುವುದಿಲ್ಲ. ಇನ್ನೊಂದು ವಿಷಯ, ಎಲ್ಲರೂ ಒಂದೇ ವರ್ಷದ ಆವೃತ್ತಿ ಇಟ್ಟುಕೊಳ್ಳಿ. 2025ರಲ್ಲಿ ಸೇವ್ ಮಾಡಿದ ರೆವಿಟ್ ಫೈಲ್ 2024ರಲ್ಲಿ ತೆರೆಯುವುದಿಲ್ಲ, ಹಿಂದಕ್ಕೆ ಸೇವ್ ಮಾಡುವ ದಾರಿಯೂ ಇಲ್ಲ. ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಂಡು ಆಮೇಲೆ ಅಳಬೇಡಿ.

ಮೊದಲ ಕೆಲಸದ ಆಯ್ಕೆ

ಊರೊಳಗಿನ ಸಮತಟ್ಟು ಸೈಟ್, ಹದಿನೈದು ಇಪ್ಪತ್ತು ಚದರದ ಮನೆ, ಗಡಿಬಿಡಿ ಮಾಡದ ಮಾಲೀಕರು. ಅಷ್ಟೇ. ಮೂಡಿಗೆರೆ ಕಡೆಯ ಇಳಿಜಾರು ಹೋಮ್‌ಸ್ಟೇಯನ್ನು ಮೊದಲನೆಯದಾಗಿ ಹಿಡಿಯಬೇಡಿ. ಅದು ಮೂರನೆಯದಾಗಲಿ.

ಟೆಂಪ್ಲೇಟ್: ಇಲ್ಲಿ ಪೂರ್ತಿ ಎರಡು ವಾರ ಕೊಡಿ

ಸಾಫ್ಟ್‌ವೇರ್ ಜೊತೆ ಬರುವ ಟೆಂಪ್ಲೇಟ್‌ನಲ್ಲಿರುವ ಗೋಡೆಗಳು ನಮ್ಮವಲ್ಲ. ಎಲ್ಲಾ ಅಳಿಸಿ. ನಾವು ಕಟ್ಟುವ ಗೋಡೆಗಳನ್ನೇ ಹೊಸದಾಗಿ ಮಾಡಿ: 8 ಇಂಚು ಸಾಲಿಡ್ ಬ್ಲಾಕ್, 6 ಇಂಚು, 4 ಇಂಚು, 9 ಇಂಚು ಇಟ್ಟಿಗೆ. ಪ್ರತಿ ಗೋಡೆಯಲ್ಲೂ ಪದರ ಬೇರೆ ಬೇರೆ ಇರಲಿ. ನಡುವೆ ಬ್ಲಾಕ್, ಒಳಗೆ 12 ಮಿ.ಮೀ. ಗಾರೆ, ಹೊರಗೆ 18 ಅಥವಾ 20. ರೆವಿಟ್‌ನಲ್ಲಿ ಗೋಡೆಯ ಗಟ್ಟಿ ನಡುಭಾಗಕ್ಕೆ ಕೋರ್ ಎನ್ನುತ್ತಾರೆ, ಬ್ಲಾಕ್ ಪದರ ಈ ಕೋರ್ ಗಡಿಗಳ ಒಳಗೆ, ಗಾರೆ ಹೊರಗೆ ಇರಬೇಕು.

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ಗೋಡೆ ಚೆನ್ನಾಗಿ ಮಾಡುತ್ತಾರೆ, ಅಳತೆ ಹಾಕುವಾಗ ಮಾತ್ರ ಗಾರೆಯ ಮುಖದಿಂದ ಗಾರೆಯ ಮುಖಕ್ಕೆ ಹಾಕುತ್ತಾರೆ. ಶೀಟ್‌ನಲ್ಲಿ ರೂಮಿನ ಅಗಲ 3000 ಮಿ.ಮೀ. ಎಂದಿರುತ್ತದೆ. ಮೇಸ್ತ್ರಿ ಅದನ್ನೇ ಬ್ಲಾಕ್‌ನಿಂದ ಬ್ಲಾಕ್‌ಗೆ ಹಿಡಿದು ಗುರುತು ಹಾಕುತ್ತಾರೆ, ಯಾಕೆಂದರೆ ಅವರ ಕೈಯಲ್ಲಿ ಇರುವುದು ಬ್ಲಾಕ್, ಗಾರೆ ಇನ್ನೂ ಎಲ್ಲಿದೆ? ಎರಡೂ ಕಡೆ ಗಾರೆ ಬಿದ್ದ ಮೇಲೆ ಉಳಿಯುವುದು 2976. ಸುಮಾರು ಒಂದು ಇಂಚು ಹೋಯಿತು. ಹಾಲ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅಳತೆ ಕೊಟ್ಟು ಮಾಡಿಸಿದ ವಾರ್ಡ್‌ರೋಬ್ ಗೂಡಿನೊಳಗೆ ಹೋಗದೆ ಬಾಗಿಲಲ್ಲೇ ನಿಂತಾಗ ಗೊತ್ತಾಗುತ್ತದೆ. ಬಾತ್‌ರೂಮ್‌ನಲ್ಲಿ ಗಾರೆಯ ಮೇಲೆ ಟೈಲ್ಸ್ ಬೇರೆ. ನಾನೂ ಒಮ್ಮೆ ಈ ವಾರ್ಡ್‌ರೋಬ್ ಮುಂದೆ ತಲೆ ತಗ್ಗಿಸಿ ನಿಂತವನೇ.

ಹಾಗಾಗಿ ನನ್ನ ಆಫೀಸಿನಲ್ಲಿ ಕಟ್ಟುನಿಟ್ಟು. ಗೋಡೆ ಎಳೆಯುವಾಗ ಲೊಕೇಷನ್ ಲೈನ್ (ಗೋಡೆಯನ್ನು ಹಿಡಿದು ಎಳೆಯುವ ಗೆರೆ) ಕೋರ್ ಮುಖಕ್ಕೆ, ಸೈಟ್ ಶೀಟ್‌ನ ಅಳತೆಯೂ ಕೋರ್ ಮುಖಕ್ಕೆ. ಗಾರೆ ಆದ ಮೇಲಿನ ಅಳತೆ ಬೇಕಾದದ್ದು ಬಡಗಿಗೆ, ಅವರಿಗೆ ಬೇರೆ ಶೀಟ್. ಆಯ ನೋಡಿಸಿ ಅಳತೆ ತರುವ ಮಾಲೀಕರಿದ್ದರೆ ಹೊರಗಿನ ಅಳತೆ ಗಾರೆ ಸೇರಿಸಿಯೋ ಬಿಟ್ಟೋ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ ಮಾಡೆಲ್ ಪೂರ್ತಿ ಜಗ್ಗಬೇಕಾಗುತ್ತದೆ.

ಇದೇ ತಪ್ಪು ಲೆವೆಲ್‌ನಲ್ಲೂ, ಅಂದರೆ ಪ್ರತಿ ಮಹಡಿಯ ಎತ್ತರದ ಗುರುತಿನಲ್ಲೂ ಆಗುತ್ತದೆ. ಸ್ಲ್ಯಾಬ್ ಮೇಲ್ಮೈ ಒಂದು, ಟೈಲ್ಸ್ ಹಾಕಿದ ನೆಲ ಇನ್ನೊಂದು. ನಡುವೆ ಎರಡು ಮೂರು ಇಂಚು. ಆರ್ಕಿಟೆಕ್ಟ್ ಲೆವೆಲ್ ಎಂದರೆ ಟೈಲ್ಸ್ ಎಂದುಕೊಂಡಿರುತ್ತಾರೆ, ಸ್ಟ್ರಕ್ಚರಲ್ ಎಂಜಿನಿಯರ್ ಸ್ಲ್ಯಾಬ್ ಎಂದು. ಕೊನೆಗೆ ಪೆಟ್ಟು ಬೀಳುವುದು ಮೆಟ್ಟಿಲಿಗೆ, ಒಂದು ಮೆಟ್ಟಿಲು ಮಾತ್ರ ಉಳಿದವಕ್ಕಿಂತ ಗಿಡ್ಡ ಅಥವಾ ಎತ್ತರ. ನಾನು ಲೆವೆಲ್ ಇಡುವುದು ಟೈಲ್ಸ್ ಮೇಲೆ. ಸ್ಲ್ಯಾಬನ್ನು ಬೇರೆ ಫ್ಲೋರ್ ಆಗಿ ಕೆಳಗೆ ಇಳಿಸುತ್ತೇನೆ, ಟೈಲ್ಸ್ ಪದರವನ್ನು ಮೇಲೆ ಬೇರೆಯಾಗಿ ಹಾಕುತ್ತೇನೆ. ಎರಡನ್ನೂ ಸೇರಿಸಿ ಒಂದೇ ಫ್ಲೋರ್ ಮಾಡಿದರೆ ಬೇಗ ಮುಗಿಯುತ್ತದೆ, ಆದರೆ ಬಾತ್‌ರೂಮ್‌ನ ಸಂಕ್ ಸ್ಲ್ಯಾಬ್ (ಕೆಳಗೆ ಇಳಿಸಿ ಹಾಕುವ ಸ್ಲ್ಯಾಬ್) ಬಂದಾಗ ತಲೆ ಕೆಡುತ್ತದೆ.

ಕಿಟಕಿ, ಬಾಗಿಲಿಗೆ ನಾಲ್ಕೈದು ಫ್ಯಾಮಿಲಿ (ಅಳತೆ ಬದಲಾಯಿಸಿ ಮತ್ತೆ ಮತ್ತೆ ಬಳಸುವ ಸಿದ್ಧ ವಸ್ತುವಿಗೆ ರೆವಿಟ್‌ನಲ್ಲಿರುವ ಹೆಸರು) ಸಾಕು. ಅಗಲ, ಎತ್ತರ, ಸಿಲ್ (ನೆಲದಿಂದ ಕಿಟಕಿಯ ಕೆಳಗಿನ ಅಂಚಿನ ಎತ್ತರ) ಬದಲಾಯಿಸುವ ಹಾಗಿರಲಿ, ಸಜ್ಜಾ ಬೇಕೋ ಬೇಡವೋ ಎಂಬ ಟಿಕ್ ಇರಲಿ. "ಐದು ಸಾವಿರ ಫ್ಯಾಮಿಲಿ" ಎಂದು ಪೆನ್‌ಡ್ರೈವ್‌ನಲ್ಲಿ ಮಾರುತ್ತಾರಲ್ಲ, ದಯವಿಟ್ಟು ಮುಟ್ಟಬೇಡಿ. ಒಂದು ಸೋಫಾ ತಂದು ಹಾಕಿದರೆ ಫೈಲ್ ಉಬ್ಬಿ ಕೂರುತ್ತದೆ. ಮಂಗಳೂರು ಹಂಚಿನ ಮಾಡಿಗೂ ಇದೇ ಮಾತು, ಒಂದೊಂದು ಹಂಚನ್ನೂ ತ್ರೀಡಿಯಲ್ಲಿ ಕೂರಿಸುವ ಹುಚ್ಚು ಬೇಡ. ಮಾಡಿನ ಇಳಿಜಾರು ಸರಿ ಇಟ್ಟು ಮೇಲೆ ಹಂಚಿನ ಪ್ಯಾಟರ್ನ್ ಹಾಕಿ, ರೀಪರ್ ಎಷ್ಟು ದೂರಕ್ಕೆ ಎನ್ನುವುದನ್ನು ಶೀಟ್‌ನಲ್ಲಿ ಬರೆಯಿರಿ.

ವಿಸ್ತೀರ್ಣದ ಪಟ್ಟಿಯಲ್ಲಿ ಚದರಡಿಯನ್ನು 100ರಿಂದ ಭಾಗಿಸುವ ಒಂದು ಕಾಲಂ ಸೇರಿಸಿ. ನಮ್ಮ ಮಾಲೀಕರು ಕೇಳುವುದು "ಎಷ್ಟು ಚದರ ಆಯ್ತು?" ಅಂತಲೇ. ಇದರಷ್ಟು ಕೆಲಸಕ್ಕೆ ಬಂದ ಕಾಲಂ ನನ್ನ ಟೆಂಪ್ಲೇಟ್‌ನಲ್ಲಿ ಇನ್ನೊಂದಿಲ್ಲ.

ಮಾಡೆಲ್ ಕಟ್ಟುವುದು

ಇದನ್ನು ಯೂಟ್ಯೂಬ್ ನೋಡಿ ಕಲಿಯಬಹುದು, ಹುಡುಗರು ನಮಗಿಂತ ಬೇಗ ಕಲಿಯುತ್ತಾರೆ.

ನಿಯಮ ಮಾತ್ರ ಒಂದು. ಶೀಟ್ ಮಾಡೆಲ್‌ನಿಂದ ಹೊರಗೆ ಬಂದ ಮೇಲೆ ಅದನ್ನು ಆಟೋಕ್ಯಾಡ್‌ನಲ್ಲಿ ತಿದ್ದುವ ಹಾಗಿಲ್ಲ. ರಾತ್ರಿ ಒಂಬತ್ತಕ್ಕೆ ಮಾಲೀಕರು ಫೋನ್ ಮಾಡಿ "ಅಡುಗೆ ಮನೆ ಕಿಟಕಿ ಒಂದಡಿ ಆ ಕಡೆ" ಎಂದರೂ ಮಾಡೆಲ್ ತೆರೆದೇ ಸರಿಸಬೇಕು. ಒಂದು ಸಲ "ಸುಮ್ನೆ ಇದೊಂದೇ" ಎಂದು ಕ್ಯಾಡ್‌ನಲ್ಲಿ ತಿದ್ದಿದಿರೋ, ಅಲ್ಲಿಗೆ ಬಿಮ್ ಮುಗಿಯಿತು, ನಾಳೆಯಿಂದ ಮಾಡೆಲನ್ನು ಯಾರೂ ನಂಬುವುದಿಲ್ಲ.

ಸ್ಟ್ರಕ್ಚರಲ್ ಎಂಜಿನಿಯರ್ ಕ್ಯಾಡ್‌ನಲ್ಲೇ ಇದ್ದರೆ

ಇರಲಿ, ಜಗಳ ಬೇಡ. ಅವರ ಡಿಡಬ್ಲ್ಯೂಜಿಯನ್ನು (ಆಟೋಕ್ಯಾಡ್ ಫೈಲ್) ಲಿಂಕ್ ಮಾಡಿ, ಅಂದರೆ ಫೈಲ್ ಹೊರಗೇ ಇದ್ದು ಮಾಡೆಲ್‌ನಲ್ಲಿ ಕಾಣುವ ಹಾಗೆ. ಮಾಡೆಲ್ ಒಳಗೇ ಸೇರಿಸುವ ಇಂಪೋರ್ಟ್ ಬೇಡ, ಅದನ್ನು ಬಿಡಿ ಗೆರೆಗಳಾಗಿ ಒಡೆಯುವ ಎಕ್ಸ್‌ಪ್ಲೋಡ್ ಅಂತೂ ಬೇಡವೇ ಬೇಡ, ಮಾಡಿದರೆ ನೂರೆಂಟು ಬೇಡದ ಲೈನ್ ಸ್ಟೈಲ್ ಫೈಲ್‌ಗೆ ಹತ್ತಿಕೊಳ್ಳುತ್ತವೆ. ಲಿಂಕ್ ಮೇಲೆ ಅವರ ಕಾಲಂ, ಬೀಮ್‌ಗಳನ್ನು ನೀವೇ ಕೂರಿಸಿ, ಟಾಯ್ಲೆಟ್‌ನ 4 ಇಂಚು ಪೈಪನ್ನೂ ಎಳೆಯಿರಿ. ಪೈಪ್ ಬೀಮ್ ಒಳಗೆ ಹೊಕ್ಕಿರುವುದು ಆಗಲೇ ಕಾಣುತ್ತದೆ. ಕಾಂಕ್ರೀಟ್ ಆದ ಮೇಲೆ ಬೀಮ್ ಒಡೆದು ಪೈಪ್ ಬಿಡುವುದನ್ನು ಒಮ್ಮೆ ನೋಡಿದವರಿಗೆ ಬಿಮ್ ಯಾಕೆ ಎಂದು ಹೇಳಬೇಕಾಗಿಲ್ಲ.

ಇಳಿಜಾರಿನ ಸೈಟ್

ಮೂರನೇ ಕೆಲಸ ಎಂದೆನಲ್ಲ, ಇಲ್ಲಿದೆ ಅದರ ಗುಂಡಿ. ಸರ್ವೆಯವರು ಕೊಡುವ ಫೈಲ್ ಎಷ್ಟೋ ಸಲ ಯುಟಿಎಂ ಅಳತೆಯಲ್ಲಿರುತ್ತದೆ, ಅಂದರೆ ಭೂಮಿಯ ಮೇಲಿನ ಜಾಗವನ್ನು ಮೀಟರ್‌ನಲ್ಲಿ ಹೇಳುವ ನಕ್ಷೆಯ ಅಳತೆ. ಅದರಲ್ಲಿ ಉತ್ತರದ ಅಂಕೆ ಸಮಭಾಜಕ ವೃತ್ತದಿಂದ ಎಣಿಸಿದ್ದು, ಹಾಸನ, ಚಿಕ್ಕಮಗಳೂರು ಎರಡಕ್ಕೂ 14 ಲಕ್ಷ ಮೀಟರ್ ದಾಟುತ್ತದೆ. ರೆವಿಟ್ ತನ್ನ ಮೂಲ ಬಿಂದುವಿನಿಂದ ಅಷ್ಟು ದೂರದಲ್ಲಿರುವುದನ್ನು ಸಹಿಸುವುದಿಲ್ಲ, ಗೆರೆಗಳು ನಡುಗುತ್ತವೆ, ಅಳತೆ ಕೈಕೊಡುತ್ತದೆ. ಫೈಲನ್ನು ನಡುವಿನಿಂದ ನಡುವಿಗೆ ಎಂಬ ಆಯ್ಕೆಯಲ್ಲಿ ಲಿಂಕ್ ಮಾಡಿ, ಆಮೇಲೆ ಆ ಲಿಂಕ್‌ನಿಂದಲೇ ನಿರ್ದೇಶಾಂಕ ಪಡೆದುಕೊಳ್ಳಿ. ಕಟ್ಟಡ ಮೂಲ ಬಿಂದುವಿನ ಹತ್ತಿರವೇ ಉಳಿಯುತ್ತದೆ, ಸರ್ವೆಯ ಅಂಕೆಯೂ ಸಿಗುತ್ತದೆ.

ಇಬ್ಬರು ಕೂತರೆ

ಇಬ್ಬರಿಗೂ ಸೇರಿದ ಸೆಂಟ್ರಲ್ ಫೈಲ್ ಆಫೀಸಿನ ಒಂದು ಮೆಷಿನ್‌ನಲ್ಲಿ, ಇಬ್ಬರೂ ತಮ್ಮ ಲೋಕಲ್ ಕಾಪಿಯಲ್ಲಿ ಕೆಲಸ ಮಾಡಿ ಸಿಂಕ್ ಒತ್ತಿ ಅದಕ್ಕೆ ಸೇರಿಸುವುದು. ಸೆಂಟ್ರಲ್ ಫೈಲನ್ನು ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ಇಡಬೇಡಿ, ಕೆಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಎಂದು ನಿಮಗೇ ಗೊತ್ತು, ಯುಪಿಎಸ್ ಇಲ್ಲದೆ ಸಿಂಕ್ ಒತ್ತಬೇಡಿ.

ಸೈಟ್‌ಗೆ ಶೀಟ್

ಎ3 ಸಾಕು. ಪ್ಲಾನ್ ಪಕ್ಕದಲ್ಲಿ ಆ ಮೂಲೆಯ ಒಂದು ತ್ರೀಡಿ ಚಿತ್ರ ಇಡಿ, ಮೆಟ್ಟಿಲು, ಸಜ್ಜಾ ವಿಷಯಕ್ಕೆ ಬರುವ ಅರ್ಧ ಫೋನ್ ನಿಲ್ಲುತ್ತವೆ. ತಾರೀಖು ದಪ್ಪಕ್ಷರದಲ್ಲಿರಲಿ. ಹೊಸ ಶೀಟ್ ಕೊಡುವಾಗ ಹಳೆಯದನ್ನು ಕೇಳಿ ಇಸಕೊಂಡು ಅಲ್ಲೇ ಹರಿದು ಹಾಕಿ, ಇಲ್ಲದಿದ್ದರೆ ಅದು ಸಿಮೆಂಟ್ ಶೆಡ್‌ನಲ್ಲಿ ಮಡಚಿಕೊಂಡು ಕೂತಿದ್ದು, ನೀವು ಇಲ್ಲದ ದಿನವೇ ಮೇಸ್ತ್ರಿ ಕೈಗೆ ಸಿಗುತ್ತದೆ.