ಮಣ್ಣು ಪರೀಕ್ಷೆ: ಹೊಲದ ಗುಂಡಿಯಿಂದ ಗೊಬ್ಬರದ ಚೀಲದವರೆಗೆ

ಒಂದು ಎಕರೆ ಹೊಲದಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಸಾವಯವ ಇಂಗಾಲವನ್ನು ಅಳೆಯಲು ಪ್ರಯೋಗಾಲಯದವರು ಅದರಲ್ಲಿ ತೆಗೆದುಕೊಳ್ಳುವುದು ಒಂದು ಗ್ರಾಂ ಮಾತ್ರ. ಆ ಒಂದು ಗ್ರಾಂ ಇಡೀ ಎಕರೆಯ ಪರವಾಗಿ ಮಾತನಾಡಬೇಕು. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಮಾದರಿ ತೆಗೆಯುವಾಗ ಆದ ತಪ್ಪನ್ನು ಅದು ತಿದ್ದಲಾರದು. ಆದ್ದರಿಂದ ಮಣ್ಣು ಪರೀಕ್ಷೆಯ ಅತಿ ಮುಖ್ಯ ಭಾಗ ನಡೆಯುವುದು ರೈತನ ಕೈಯಲ್ಲಿ, ಗುದ್ದಲಿಯ ತುದಿಯಲ್ಲಿ.

2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಿಂದಾಗಿ ‘ಮಣ್ಣು ಪರೀಕ್ಷೆ’ ಎಂಬ ಮಾತು ಮನೆಮನೆಗೆ ತಲುಪಿತು. ಆದರೆ ಆ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮವಿತ್ತು. ಅಂದರೆ ನಿಮ್ಮ ಚೀಟಿಯಲ್ಲಿರುವ ಅಂಕಿ ಪಕ್ಕದ ಹೊಲದ ಮಣ್ಣಿನದೂ ಆಗಿರಬಹುದು. ಊರಿನ ಒಟ್ಟಾರೆ ಸ್ಥಿತಿ ತಿಳಿಯಲು ಅಷ್ಟು ಸಾಕು. ಸ್ವಂತ ಹೊಲಕ್ಕೆ ಎಷ್ಟು ಚೀಲ ಗೊಬ್ಬರ ಬೇಕು ಎಂದು ತೀರ್ಮಾನಿಸಲು ಸ್ವಂತ ಮಾದರಿಯೇ ಬೇಕು.

ಮಾದರಿ ತೆಗೆಯುವುದು

ಕೊಯ್ಲು ಮುಗಿದು ಮುಂಗಾರಿಗೆ ಮುನ್ನ ನೆಲ ಖಾಲಿ ಇರುವ ಏಪ್ರಿಲ್–ಮೇ ತಿಂಗಳು ಒಳ್ಳೆಯ ಸಮಯ. ಇತ್ತೀಚೆಗೆ ಗೊಬ್ಬರ ಅಥವಾ ಸುಣ್ಣ ಹಾಕಿದ ಹೊಲದಲ್ಲಿ ತೆಗೆಯಬೇಡಿ. ಮೊದಲು ಹೊಲವನ್ನು ಸುಮ್ಮನೆ ಸುತ್ತಿ ನೋಡಿ. ಮಣ್ಣಿನ ಬಣ್ಣ ಬೇರೆಯಾದಲ್ಲಿ, ಇಳಿಜಾರು ಬದಲಾದಲ್ಲಿ, ಬೆಳೆ ಪ್ರತಿ ವರ್ಷ ಸೊರಗುವ ಮೂಲೆಯಿದ್ದಲ್ಲಿ ಅವೆಲ್ಲ ಬೇರೆ ಬೇರೆ ಮಾದರಿಗಳಾಗಬೇಕು. ಮೇಲಿನ ಕೆಂಪು ಮಣ್ಣು, ಕೆಳಗಿನ ತಗ್ಗಿನ ಎರೆ ಮಣ್ಣು ಎರಡನ್ನೂ ಬೆರೆಸಿ ಕೊಟ್ಟರೆ ಬರುವ ಫಲಿತಾಂಶ ಎರಡಕ್ಕೂ ಸೇರದ, ಎಲ್ಲೂ ಇಲ್ಲದ ಮಣ್ಣಿನದು.

ಒಂದೇ ಬಗೆಯ ಜಾಗದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತರಿಂದ ಹದಿನೈದು ಕಡೆ ಗುರುತು ಮಾಡಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ಬಾವಿಯ ಸುತ್ತ, ಕಾಲುದಾರಿ, ಕುರಿ ಮಂದೆ ನಿಲ್ಲಿಸಿದ್ದ ಸ್ಥಳ ಇವುಗಳನ್ನು ಬಿಟ್ಟುಬಿಡಿ. ಗುರುತಿನ ಜಾಗದಲ್ಲಿ ಮೇಲಿನ ಕಸಕಡ್ಡಿಯನ್ನು ಮಾತ್ರ ಸರಿಸಿ, ಮಣ್ಣನ್ನು ಕೆರೆಯದೆ, ‘ವಿ’ ಆಕಾರದ ಗುಂಡಿ ತೋಡಿ. ಆಳ 15 ಸೆಂಟಿಮೀಟರ್ ಇರಲಿ. ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಎರಡು ಬೆರಳು ದಪ್ಪದ ಪದರವನ್ನು ಸಮನಾಗಿ ಕತ್ತರಿಸಿಕೊಳ್ಳಬೇಕು. ಮೇಲ್ಭಾಗ ಹೆಚ್ಚು, ಕೆಳಭಾಗ ಕಡಿಮೆ ಬಂದರೆ ಸಾವಯವ ಇಂಗಾಲ, ರಂಜಕ ಎರಡೂ ಸುಳ್ಳೇ ಹೆಚ್ಚಾಗಿ ಕಾಣುತ್ತವೆ. ಕಾಫಿಗೆ ಗಿಡದಡಿಯ ಎಲೆ ಹೊದಿಕೆಯನ್ನು ಸರಿಸಿ ಸುಮಾರು 9 ಇಂಚು ಆಳದವರೆಗೆ ತೆಗೆಯಬೇಕು. ಅಡಿಕೆ, ತೆಂಗು, ಮಾವಿನಂತಹ ಆಳ ಬೇರಿನ ಬೆಳೆಗಳಿಗೆ ಮೇಲ್ಪದರದ ಮಾದರಿ ಒಂದೇ ಸಾಲದು, ಕೆಳಪದರದ ಮಣ್ಣನ್ನೂ ಪ್ರತ್ಯೇಕ ಚೀಲದಲ್ಲಿ ಕೊಡಬೇಕು.

ಸಲಕರಣೆಯ ಬಗ್ಗೆ ಹಲವರು ಗಮನ ಕೊಡುವುದಿಲ್ಲ. ಸತು, ಕಬ್ಬಿಣ, ತಾಮ್ರದಂತಹ ಲಘು ಪೋಷಕಾಂಶಗಳನ್ನು ಅಳೆಯುವುದು ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಸತು ಲೇಪಿಸಿದ ಬಕೆಟ್‌ನಲ್ಲಿ ಮಣ್ಣು ಕಲಸಿದರೆ ಬಕೆಟ್ಟಿನ ಸತುವೂ ಲೆಕ್ಕಕ್ಕೆ ಸೇರುತ್ತದೆ. ತುಕ್ಕು ಹಿಡಿದ ಸನಿಕೆಯ ಕಥೆಯೂ ಅಷ್ಟೇ. ಪ್ಲಾಸ್ಟಿಕ್ ಬಕೆಟ್ ಬಳಸಿ, ಗುದ್ದಲಿ ತಾಗಿದ ಮೈಯನ್ನು ಮರದ ಅಥವಾ ಬಿದಿರಿನ ಚಕ್ಕೆಯಿಂದ ಕೆರೆದು ತೆಗೆದು ಒಳಗಿನ ಮಣ್ಣನ್ನಷ್ಟೇ ತೆಗೆದುಕೊಳ್ಳಿ. ಗೊಬ್ಬರದ ಖಾಲಿ ಚೀಲವನ್ನಂತೂ ಮುಟ್ಟಲೇಬೇಡಿ. ಒಳಗೆ ಅಂಟಿದ ನಾಲ್ಕು ಹರಳು ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಸಾಕು, ನಿಮ್ಮ ಬಡ ಹೊಲ ಕಾಗದದ ಮೇಲೆ ಶ್ರೀಮಂತವಾಗಲು.

ಸೇರಿದ ಮಣ್ಣನ್ನು ಹೆಂಟೆ ಒಡೆದು ಚೆನ್ನಾಗಿ ಬೆರೆಸಿ, ಹಾಳೆಯ ಮೇಲೆ ವೃತ್ತಾಕಾರವಾಗಿ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಚೆಲ್ಲಿ, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಮಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮುಂದುವರಿಸಿ. ನೆರಳಿನಲ್ಲಿ ಒಣಗಿಸಿ, ಬಿಸಿಲು, ಒಲೆ ಬೇಡ. ಬಟ್ಟೆಯ ಅಥವಾ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಹೆಸರು, ಊರು, ಸರ್ವೆ ನಂಬರು, ದಿನಾಂಕ, ಹಿಂದಿನ ಬೆಳೆ, ಮುಂದೆ ಇಡುವ ಬೆಳೆ, ನೀರಾವರಿಯೇ ಖುಷ್ಕಿಯೇ ಎಂಬುದನ್ನು ಬರೆದ ಚೀಟಿಯನ್ನು ಹಾಕಿ. ಮುಂದಿನ ಬೆಳೆ ಯಾವುದೆಂದು ತಿಳಿಯದೆ ಯಾರೂ ಶಿಫಾರಸು ಬರೆಯಲಾರರು.

ಎಲ್ಲಿ ಕೊಡಬೇಕು? ರೈತ ಸಂಪರ್ಕ ಕೇಂದ್ರ, ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಪ್ರಯೋಗಾಲಯ, ಕೃಷಿ ವಿಜ್ಞಾನ ಕೇಂದ್ರ ಮತ್ತು ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಿ. ಕಾಫಿ ಬೆಳೆಗಾರರಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ.

ಪ್ರಯೋಗಾಲಯದ ಒಳಗೆ

ಮಣ್ಣನ್ನು ಕುಟ್ಟಿ 2 ಮಿಲಿಮೀಟರ್ ಜರಡಿಯಲ್ಲಿ ಸೋಸುತ್ತಾರೆ. ಮೊದಲ ಪರೀಕ್ಷೆ ರಸಸಾರ, ಅಂದರೆ ಪಿಎಚ್. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಶುದ್ಧ ನೀರು ಬೆರೆಸಿ, ಕಲಕಿ, ಮೀಟರಿನ ಕಡ್ಡಿ ಅದ್ದುತ್ತಾರೆ. 6.5ರಿಂದ 7.5ರ ನಡುವೆ ಹೆಚ್ಚಿನ ಪೋಷಕಾಂಶಗಳು ಬೇರಿಗೆ ಸುಲಭವಾಗಿ ಸಿಗುತ್ತವೆ. ಅದೇ ನೀರು ತಿಳಿಯಾದ ಮೇಲೆ ವಿದ್ಯುತ್ ವಾಹಕತೆ ಅಳೆದು ಕರಗಿದ ಲವಣ ಎಷ್ಟಿದೆ ಎಂದು ನೋಡುತ್ತಾರೆ. ಈ ವಿಧಾನದಲ್ಲಿ ಮೀಟರಿಗೆ 1 ಡೆಸಿಸೀಮನ್ಸ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಪುಸ್ತಕಗಳಲ್ಲಿ ‘4ಕ್ಕಿಂತ ಹೆಚ್ಚಿದ್ದರೆ ಸವಳು’ ಎಂದು ಓದಿ, ತಮ್ಮ ಚೀಟಿಯ 2 ಎಂಬ ಅಂಕಿ ನೋಡಿ ನೆಮ್ಮದಿಯಾಗಿರುವವರಿದ್ದಾರೆ. ಆ 4ರ ಗಡಿ ನೀರು ತುಂಬಿದ ಮಣ್ಣಿನ ಮುದ್ದೆಯಿಂದ ಹಿಂಡಿ ತೆಗೆದ ಸಾರಕ್ಕೆ ಸಂಬಂಧಿಸಿದ್ದು. ಎರಡೂವರೆ ಪಾಲು ನೀರಿನಲ್ಲಿ ತೆಳುವಾದ ದ್ರಾವಣಕ್ಕೆ ಅದನ್ನು ಹಚ್ಚುವುದು ದೊಡ್ಡ ತಪ್ಪು. ವಿಧಾನದ ಹೆಸರಿಲ್ಲದೆ ಅಂಕಿಗೆ ಅರ್ಥವಿಲ್ಲ ಎಂಬುದನ್ನು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಾವಯವ ಇಂಗಾಲಕ್ಕೆ ಇಂದಿಗೂ 1934ರ ವಾಕ್ಲಿ–ಬ್ಲ್ಯಾಕ್ ವಿಧಾನವೇ ಆಧಾರ. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್, ಮೇಲಿಂದ ಪ್ರಬಲ ಗಂಧಕಾಮ್ಲ ಸುರಿದು ಅರ್ಧ ಗಂಟೆ ಬಿಡುತ್ತಾರೆ. ಆಮ್ಲದ ಬಿಸಿಯಲ್ಲಿ ಇಂಗಾಲ ಉರಿದು ಡೈಕ್ರೋಮೇಟನ್ನು ತಿನ್ನುತ್ತದೆ. ಉಳಿದ ಡೈಕ್ರೋಮೇಟ್ ಎಷ್ಟೆಂದು ಅಳೆಯುವಾಗ ದ್ರಾವಣ ಕಡುನೀಲಿಯಿಂದ ಹಸಿರಿಗೆ ತಿರುಗುವ ಒಂದು ಹನಿಯ ಕ್ಷಣವನ್ನು ಕಣ್ಣಿಟ್ಟು ಹಿಡಿಯಬೇಕು. ಶೇ 0.5ಕ್ಕಿಂತ ಕಡಿಮೆಯಾದರೆ ಕೊರತೆ, 0.75ಕ್ಕಿಂತ ಹೆಚ್ಚಾದರೆ ಸಮೃದ್ಧಿ. ಕುಮಟಾ ಕಡೆಯ ಗಜನಿ ಭೂಮಿಯಂತಹ ಉಪ್ಪುನೀರಿನ ಗದ್ದೆಗಳಲ್ಲಿ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ತಿನ್ನುವುದರಿಂದ ಇಂಗಾಲ ಹೆಚ್ಚಾಗಿ ಕಾಣುತ್ತದೆ. ಅದನ್ನು ತಡೆಯಲು ಬೆಳ್ಳಿಯ ಸಲ್ಫೇಟ್ ಸೇರಿಸಬೇಕು.

ಸಾರಜನಕವನ್ನು ಕ್ಷಾರೀಯ ಪರ್ಮಾಂಗನೇಟ್ ಜೊತೆ ಕುದಿಸಿ, ಹೊರಬರುವ ಅಮೋನಿಯಾ ಹಿಡಿದು ಅಳೆಯಬೇಕು. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಎಂದರೆ ಕೊರತೆ, 560 ಮೀರಿದರೆ ಹೆಚ್ಚು. ಕೆಲವು ಕಡೆ ಕುದಿಸುವ ಗೋಜಿಗೆ ಹೋಗದೆ ಇಂಗಾಲದ ಅಂಕಿಯಿಂದಲೇ ಸಾರಜನಕವನ್ನು ಲೆಕ್ಕ ಹಾಕಿ ಬರೆಯುವುದುಂಟು. ಆಗ ಚೀಟಿಯ ಎರಡು ಸಾಲು ಹೇಳುವುದು ಒಂದೇ ಮಾತು. ‘ಅಳೆದದ್ದೇ, ಲೆಕ್ಕ ಹಾಕಿದ್ದೇ?’ ಎಂದು ಕೇಳುವ ಹಕ್ಕು ನಿಮಗಿದೆ.

ರಂಜಕದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎರೆ ಮಣ್ಣಿನಲ್ಲಿ ರಂಜಕವನ್ನು ಹಿಡಿದಿಟ್ಟುಕೊಳ್ಳುವುದು ಕ್ಯಾಲ್ಸಿಯಂ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹಿಡಿದವರು ಬೇರೆಯಾದಾಗ ಬಿಡಿಸುವ ದ್ರಾವಣವೂ ಬೇರೆಯಾಗಬೇಕಲ್ಲವೇ? ರಸಸಾರ 8.5 ಇರುವ ಸೋಡಿಯಂ ಬೈಕಾರ್ಬೊನೇಟ್ ಬಳಸುವ ಓಲ್ಸನ್ ವಿಧಾನ ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಸರಿ. ಹುಳಿ ಮಣ್ಣಿಗೆ ಫ್ಲೋರೈಡ್ ಇರುವ ದುರ್ಬಲ ಆಮ್ಲದ ಬ್ರೇ ವಿಧಾನ. ಬ್ರೇ ದ್ರಾವಣವನ್ನು ಸುಣ್ಣಭರಿತ ಎರೆ ಮಣ್ಣಿಗೆ ಹಾಕಿದರೆ ಸುಣ್ಣವೇ ಆಮ್ಲವನ್ನು ನುಂಗಿಬಿಡುತ್ತದೆ, ಇದ್ದ ರಂಜಕವೂ ಇಲ್ಲವೆಂದು ಬರುತ್ತದೆ. ಕೊಪ್ಪ, ತೀರ್ಥಹಳ್ಳಿಯ ತೋಟದ ಮಣ್ಣು ಕೊಡುವವರು ಯಾವ ವಿಧಾನ ಬಳಸುತ್ತೀರಿ ಎಂದು ಮೊದಲೇ ವಿಚಾರಿಸಲಿ.

ಪೊಟ್ಯಾಷನ್ನು ಅಮೋನಿಯಂ ಅಸಿಟೇಟ್‌ನಿಂದ ಬಿಡಿಸಿ ಜ್ವಾಲೆಯ ಬೆಳಕಿನಿಂದ ಅಳೆಯುತ್ತಾರೆ. ಗಂಧಕ, ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಬೋರಾನ್ ಸೇರಿ ಚೀಟಿಯಲ್ಲಿ ಒಟ್ಟು 12 ಅಂಶಗಳು. ಇವನ್ನು ಕಡೆಗಣಿಸಬೇಡಿ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ 2009ರಲ್ಲಿ ಕರ್ನಾಟಕ ಆರಂಭಿಸಿದ ಭೂಚೇತನ ಕಾರ್ಯಕ್ರಮದಲ್ಲಿ ಖುಷ್ಕಿ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂದಿತ್ತು. ಸತುವಿಗೆ 0.6, ಬೋರಾನ್‌ಗೆ 0.5, ಗಂಧಕಕ್ಕೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಸಾಮಾನ್ಯ ಗಡಿ, ಅದಕ್ಕಿಂತ ಕಡಿಮೆಯಾದರೆ ಕೊರತೆ.

ಚೀಟಿ ಓದುವುದು

ಮೊದಲು ರಸಸಾರ ಮತ್ತು ಲವಣವನ್ನು ಜೊತೆಯಾಗಿ ಓದಿ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ಇದು ತೀರಾ ಮುಖ್ಯ. ಲವಣ ಹೆಚ್ಚು, ರಸಸಾರ 8.5ರ ಒಳಗೆ ಎಂದರೆ ಸವಳು. ಅಲ್ಲಿ ಜಿಪ್ಸಂ ಸುರಿದು ಹಣ ಕಳೆಯಬೇಡಿ. ಬಸಿಗಾಲುವೆ ತೆಗೆದು ಸಿಹಿನೀರಿನಿಂದ ತೊಳೆಯುವುದೇ ದಾರಿ. ಲವಣ ಕಡಿಮೆ, ರಸಸಾರ 8.5 ದಾಟಿದೆ ಎಂದರೆ ಸೋಡಿಯಂ ಕೂತಿರುವ ಸಾಧ್ಯತೆಯಿದೆ. ಆಗ ಜಿಪ್ಸಂ ಎಷ್ಟು ಬೇಕೆಂಬ ಪ್ರತ್ಯೇಕ ಪರೀಕ್ಷೆ ಮಾಡಿಸಿ. ಹುಳಿ ಮಣ್ಣಿನಲ್ಲೂ ರಸಸಾರವೊಂದನ್ನೇ ನೋಡಿ ಸುಣ್ಣದ ಪ್ರಮಾಣ ನಿರ್ಧರಿಸಲಾಗದು. ರಸಸಾರ ಎರಡೂ ಕಡೆ 5 ಇದ್ದರೂ ಮರಳು ಮಣ್ಣಿಗಿಂತ ಜೇಡಿ ಮಣ್ಣಿಗೆ ಹೆಚ್ಚು ಸುಣ್ಣ ಬೇಕು. ಸುಣ್ಣದ ಅಗತ್ಯದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಸುಣ್ಣ ಹಾಕಿದ ಮೇಲೆ ಯೂರಿಯಾಕ್ಕೆ ಎರಡು ಮೂರು ವಾರ ಅಂತರವಿರಲಿ. ಜೊತೆಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ.

ಈಗ ಗೊಬ್ಬರದ ಲೆಕ್ಕ. ನೀರಾವರಿ ರಾಗಿಗೆ ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 50 ಕಿಲೋ ಶಿಫಾರಸು ಎಂದರೆ ಎಕರೆಗೆ 40, 20, 20. ಚೀಟಿಯಲ್ಲಿ ಸಾರಜನಕ ಕಡಿಮೆ, ರಂಜಕ ಹೆಚ್ಚು, ಪೊಟ್ಯಾಷ್ ಮಧ್ಯಮ ಎಂದು ಬಂದಿದೆ ಎನ್ನಿ. ರೂಢಿಯ ಲೆಕ್ಕದಂತೆ ಕಡಿಮೆಯಿದ್ದರೆ ಕಾಲು ಭಾಗ ಏರಿಸಿ, ಹೆಚ್ಚಿದ್ದರೆ ಕಾಲು ಭಾಗ ಇಳಿಸಿದಾಗ 50, 15, 20 ಆಗುತ್ತದೆ. ಡಿಎಪಿಯಲ್ಲಿ ರಂಜಕ ಶೇ 46 ಇರುವುದರಿಂದ 15 ಕಿಲೋ ರಂಜಕಕ್ಕೆ ಸುಮಾರು 33 ಕಿಲೋ ಡಿಎಪಿ ಸಾಕು. ಅದರಲ್ಲೇ 6 ಕಿಲೋ ಸಾರಜನಕವೂ ಬಂತು. ಉಳಿದ 44 ಕಿಲೋಗೆ ಶೇ 46ರ ಯೂರಿಯಾ ಸುಮಾರು 96 ಕಿಲೋ, ಅಂದರೆ 45 ಕಿಲೋದ ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಪೊಟ್ಯಾಷಿಗೆ ಶೇ 60ರ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) 33 ಕಿಲೋ. ಯೂರಿಯಾವನ್ನು ಒಂದೇ ಸಲ ಸುರಿಯದೆ ಅರ್ಧ ನಾಟಿಯ ಹೊತ್ತಿಗೆ, ಅರ್ಧ ಮೇಲುಗೊಬ್ಬರವಾಗಿ ಕೊಡಿ. ಸತುವಿನ ಕೊರತೆಯಿದ್ದರೆ ಸತುವಿನ ಸಲ್ಫೇಟನ್ನು ಡಿಎಪಿಯೊಂದಿಗೆ ಬೆರೆಸಬೇಡಿ, ಎರಡೂ ಒಂದನ್ನೊಂದು ಕಟ್ಟಿಹಾಕುತ್ತವೆ. ಬೋರಾನನ್ನು ಶಿಫಾರಸಿಗಿಂತ ಒಂದು ಹಿಡಿಯೂ ಹೆಚ್ಚು ಹಾಕಬೇಡಿ. ಅದರ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು.

ಇಲ್ಲೊಂದು ಬಲೆಯಿದೆ. ಕೆಲವು ವರದಿಗಳು ರಂಜಕವನ್ನು ಧಾತುವಿನ (P) ಲೆಕ್ಕದಲ್ಲಿ, ಕೆಲವು ಆಕ್ಸೈಡ್ (P2O5) ಲೆಕ್ಕದಲ್ಲಿ ಕೊಡುತ್ತವೆ. ಧಾತುವಿನ 10 ಕಿಲೋ ಆಕ್ಸೈಡ್ ಲೆಕ್ಕದಲ್ಲಿ ಸುಮಾರು 23 ಕಿಲೋ. ಎರಡನ್ನೂ ಒಂದೆಂದು ಓದಿದರೆ ಕೊರತೆಯಿರುವ ಹೊಲ ‘ಮಧ್ಯಮ’ ಎನಿಸಿಬಿಡುತ್ತದೆ. ಚೀಟಿ ಕೈಗೆ ಬಂದ ದಿನವೇ ವಿಧಾನ, ಏಕಮಾನ, ಮಾದರಿ ತೆಗೆದ ತಿಂಗಳು ಈ ಮೂರನ್ನೂ ಅದರ ಹಿಂದೆ ಬರೆದಿಡಿ. ಮೂರು ವರ್ಷದ ಬಳಿಕ ಅದೇ ತಿಂಗಳಲ್ಲಿ, ಅದೇ ಗುರುತುಗಳಲ್ಲಿ ತೆಗೆದು, ಅದೇ ಪ್ರಯೋಗಾಲಯಕ್ಕೆ ಕೊಟ್ಟರೆ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು.